ಮೂರು ಬಾಟ್ಲಿ ಮಿಡಿ ಉಪ್ಪಿನಕಾಯಿ

ಜನ್ನಾಪುರದಲ್ಲಿ ಶೇಷಮ್ಮನ ಮಿಡಿ ಉಪ್ಪಿನಕಾಯಿ ಅಂದರೆ ಇಡೀ ಬೀದಿ ಬಾಯಿ ಚಪ್ಪರಿಸುತ್ತಿತ್ತು. ಎರಡು ವರ್ಷ ಇಟ್ಟರೂ ಕೆಡುತ್ತಿರಲಿಲ್ಲ. ಈ ಸಲ ದೊಡ್ಡ ಭರಣಿಯ ಬಟ್ಟೆ ಬಿಚ್ಚಿದರೆ ಮೇಲೆಲ್ಲ ಬಿಳೀ ಬೂಷ್ಟು.

ಮೊಮ್ಮಗಳು ಕವನ ಎಂಟನೇ ಕ್ಲಾಸು. ಹಿಂದಿನ ತಿಂಗಳು ಮುಟ್ಟಾಗಿದ್ದಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಮೊಸರನ್ನಕ್ಕೆ ಅಂತ ಆ ಭರಣಿಗೆ ಸೌಟು ಹಾಕಿದ್ದಳು. ಪಾಪ, ತಾನೇ ಬಾಯಿಬಿಟ್ಟು ಹೇಳಿಯೂ ಇದ್ದಳು. ಶೇಷಮ್ಮನಿಗೆ ಅಷ್ಟು ಸಾಕಾಯಿತು. ಶಿವಮೊಗ್ಗದಲ್ಲಿ ತಂಗಿ ಸಾವಂತ್ರಮ್ಮನ ಮನೆಗೆ ಶನಿವಾರ ಭಜನೆಗೆ ಹೋದಾಗ, ಹುಡುಗಿ ಪಕ್ಕದಲ್ಲೇ ಕೂತಿರುವಾಗ, ಹತ್ತು ಹೆಂಗಸರೆದುರು ಆಡಿಬಿಟ್ಟಳು: “ಇವಳು ಮುಟ್ಟಿ ನನ್ನ ಭರಣಿ ಹಾಳಾಯ್ತು.”

ತಗ್ಗಿಸಿದ ತಲೆಯನ್ನು ಕವನ ಬಸ್ಸಿನಲ್ಲೂ ಎತ್ತಲಿಲ್ಲ. ಆಮೇಲೆ ಆ ಮನೆಗೆ ಬರಲ್ಲ ಅಂದಳು. ಭಜನೆಯಲ್ಲಿ ಎಲ್ಲರಿಗಿಂತ ಇಂಪಾಗಿ ಹಾಡುತ್ತಿದ್ದ ಹುಡುಗಿ, ಮನೆಯಲ್ಲೂ ಹಾಡುವುದು ಬಿಟ್ಟಳು.

ಒಂದು ದಿನ ಶಾಲೆಯಿಂದ ಬಂದವಳೇ ಮೂರು ಬಾಟ್ಲಿ ತೊಳೆದು ಬಿಸಿಲಿಗಿಟ್ಟಳು. “ಅಜ್ಜಿ, ಇನ್ನೊಂದು ಭರಣಿ ಕೆಟ್ಟಿಲ್ವಲ್ಲ, ಅದರಿಂದ ಮೂರಕ್ಕೂ ಒಂದೇ ಅಳತೆ ಹಾಕು. ಒಂದು ನಂದು, ಒಂದು ನಿಂದು. ನಾನು ಮುಟ್ಟಾದ ನಾಲ್ಕೂ ದಿನ ಇಬ್ಬರೂ ಒಂದೇ ಹೊತ್ತಿಗೆ ಒಂದೊಂದು ಸಲ ಸೌಟು ಹಾಕೋಣ. ಮೂರನೇದು ಯಾರೂ ಮುಟ್ಟೋ ಹಾಗಿಲ್ಲ.”

“ಅದ್ಯಾಕೆ ದಂಡಕ್ಕೆ ಮಾರಾಯ್ತಿ?”

“ಅದೂ ಕೆಟ್ರೆ ತಪ್ಪು ನಮ್ಮಿಬ್ಬರ ಕೈದೂ ಅಲ್ಲ, ಉಪ್ಪಿನಕಾಯಿದೇ ಅಂತ ಗೊತ್ತಾಗುತ್ತೆ.”

ಶೇಷಮ್ಮ ಒಪ್ಪಿದಳು. ಗೆಲ್ಲುವುದು ತಾನೇ ಅಂತ ಅವಳಿಗೆ ಖಾತ್ರಿಯಿತ್ತು.

ಮೂರು ವಾರಕ್ಕೆ ಬೂಷ್ಟು ಬಂತು. ಕವನಳ ಬಾಟ್ಲಿಯಲ್ಲಲ್ಲ, ಯಾರೂ ಮುಟ್ಟದ್ದರಲ್ಲೂ ಅಲ್ಲ. ಶೇಷಮ್ಮನದರಲ್ಲಿ.

ಶೇಷಮ್ಮ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಗಂಡ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹದಿಮೂರನೇ ದಿನವೇ ಯಾರೋ ಒಬ್ಬಳು ಅಂದಿದ್ದಳು, ಇನ್ನು ಇವಳ ಕೈ ಒಳ್ಳೆಯದಲ್ಲ ಅಂತ. ಆ ಮಾತನ್ನು ಅವಳು ಮರೆತಿರಲಿಲ್ಲ. ಅದಕ್ಕೇ ಅವಳು ಮಡಿ ಹೆಚ್ಚು ಮಾಡಿಕೊಂಡಿದ್ದು.

“ಗಂಡ ಸತ್ತವಳ ಕೈ ಕಣೇ ಇದು. ಅವಳು ಅಂದಿದ್ದು ಸುಳ್ಳಲ್ಲ.”

ಕವನ ನಗಲಿಲ್ಲ, ಹಂಗಿಸಲೂ ಇಲ್ಲ. “ಹಾಗೆ ಹೇಳೋಕಾಗಲ್ಲ ಅಜ್ಜಿ. ನನ್ನ ನಿನ್ನ ನಡುವೆ ಕೈ ಮಾತ್ರ ಬೇರೆ ಅಂದ್ಕೊಂಡಿದ್ವಿ. ಆದ್ರೆ ಅಜ್ಜ ಹೋದಮೇಲೆ ನೀನು ಸ್ನಾನ ಮಾಡಿ, ಕೈ, ಸೌಟು ಎರಡೂ ತೊಳೆದು, ನೀರು ತೊಟ್ಟಿಕ್ತಿರುವಾಗಲೇ ಹಾಕ್ತೀಯ. ನಂದು ಒಣ ಸೌಟು. ಎರಡು ವಿಷಯ ಬೇರೆ ಆಯ್ತು. ಯಾವುದರಿಂದ ಕೆಟ್ಟಿತು ಅಂತ ಹೇಗೆ ಹೇಳೋದು? ಒಂದನ್ನೇ ಬದಲಿಸ್ಬೇಕು.”

“ಅಂದ್ರೆ?”

“ಹೊಸದಾಗಿ ಎರಡು ಬಾಟ್ಲಿ ತುಂಬೋಣ. ಎರಡಕ್ಕೂ ನಿನ್ನ ಕೈಯೇ. ಒಂದಕ್ಕೆ ಹಸಿ ಸೌಟು, ಇನ್ನೊಂದಕ್ಕೆ ಒರೆಸಿದ ಸೌಟು.”

ಮಡಿಯಲ್ಲದ ಒಣ ಬಟ್ಟೆ ಮುಟ್ಟಿದರೆ ಮಡಿ ಹೋಯಿತು. ಶೇಷಮ್ಮ ಎರಡು ದಿನ ಯೋಚಿಸಿದಳು. ಮೂರನೇ ದಿನ ಕವನಳ ಟವೆಲ್ಲಿನಲ್ಲೇ ಕೈ, ಸೌಟು ಒರೆಸಿಕೊಂಡಳು. ಕಣ್ಣು ತುಂಬಿತ್ತು.

ಮತ್ತೆ ಮೂರು ವಾರ ಕಳೆದರೂ ಒರೆಸಿದ್ದು ಕೆಡಲಿಲ್ಲ. ಹಸಿ ಸೌಟು ಹಾಕಿದ್ದು ಕೆಟ್ಟಿತು. ಶೇಷಮ್ಮ ಆ ಎರಡು ಬಾಟ್ಲಿಗಳನ್ನು ತುಂಬಾ ಹೊತ್ತು ನೋಡುತ್ತ ನಿಂತಳು. ಅವಳ ಕೈ ಒಳ್ಳೆಯದಲ್ಲ ಅಂದವಳೂ ಹೀಗೆ ನೋಡದೇ ಅಂದಿದ್ದಳು. ತಾನೂ ನೋಡದೇ ಅಂದಿದ್ದಳು.

ಆ ಶನಿವಾರ ಅವಳೊಬ್ಬಳೇ ಬಸ್ಸು ಹತ್ತಿದಳು. ಭಜನೆ ಮುಗಿದು ಪ್ರಸಾದ ಹಂಚುವ ಮುಂಚೆ ಎದ್ದು ನಿಂತು ಹೇಳಿದಳು: “ಅವತ್ತು ಮಗು ಮೇಲೆ ಹೊರಿಸಿದ್ದು ತಪ್ಪು. ಭರಣಿ ಕೆಟ್ಟಿದ್ದು ನನ್ನ ಹಸಿ ಸೌಟಿನಿಂದ.”

ಸಾವಂತ್ರಮ್ಮ ಮುಖ ಸಿಂಡರಿಸಿದಳು. “ಮೊಮ್ಮಗಳು ಕಲಿಸಿ ಕಳಿಸಿದ್ಲಾ ಅಕ್ಕ? ಹಾಗಾದ್ರೆ ನಾವೆಲ್ಲ ಮಡಿ ಬಿಡೋದಾ?”

“ನೀನು ಬಿಡು, ಇಟ್ಕೋ, ಅದು ನಿನಗೆ ಸೇರಿದ್ದು. ನಾನು ಆಡಿದ ಮಾತನ್ನ ವಾಪಸ್ ತಗೊಳ್ಳೋಕೆ ಬಂದೆ.”

ಸಂಜೆ ಮನೆಗೆ ಬಂದಾಗ ಕವನ ಬಾಗಿಲಲ್ಲೇ ಕೂತಿದ್ದಳು.

“ಎಲ್ಲರೂ ಇದ್ರಾ?”

“ಇದ್ರು.”

“ನಂಬಿದ್ರಾ?”

“ಒಂದಿಬ್ರು ನಂಬಿದ್ರು. ನಿನ್ನ ಚಿಕ್ಕಜ್ಜಿ ನಂಬಲಿಲ್ಲ.”

ಕವನ ಎದ್ದು ಅಜ್ಜಿಯ ಕೈಚೀಲ ಇಸಕೊಂಡಳು. “ಬರೋ ಶನಿವಾರ ನಾನೂ ಬರ್ತೀನಿ,” ಅಂದಳು.