ಒಂದೇ ತಾಯಿಯ ನಾಲ್ಕು ಶಬ್ದಗಳು

ರಾಯದುರ್ಗದ ಬಸ್‌ಸ್ಟ್ಯಾಂಡಿನೆದುರು ಹೊಸದೊಂದು ಔಷಧಿ ಅಂಗಡಿ ಆಗಿದೆ. ಬೋರ್ಡಿನ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆಂಧ್ರದ ಊರಲ್ಲವೇ, ತೆಲುಗು ಅಕ್ಷರದಲ್ಲಿ ದೊಡ್ಡದಾಗಿ ‘ಹೆಲ್ತ್’ ಎಂದು ಬರೆದಿದ್ದರು. ನಮ್ಮೂರು ಕಣೇಕಲ್ಲಿನ ಬಸ್ಸು ಬರುವ ತನಕ ಅದನ್ನೇ ನೋಡುತ್ತ ನಿಂತೆ. ಇಷ್ಟಕ್ಕೆಲ್ಲ ನಿಲ್ಲುವುದೇ ಎನ್ನಬೇಡಿ. ನಮಗೆ ಇಂಗ್ಲಿಷ್ ಕಲಿಸಿದ ರುದ್ರಪ್ಪ ಮೇಷ್ಟ್ರ ಶಿಷ್ಯರಾಗಿದ್ದರೆ ನೀವೂ ನಿಲ್ಲುತ್ತಿದ್ದಿರಿ.

ಮೇಷ್ಟ್ರಿಗೆ ಹಳೆಯ ಇಂಗ್ಲಿಷ್ ಶಬ್ದಗಳ ಹುಚ್ಚು. ನಮಗೋ ಹೊಸ ಇಂಗ್ಲಿಷೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಹೆಲ್ತ್, ಹೀಲ್, ಹೋಲಿ, ಹೋಲ್, ನಾಲ್ಕೂ ಒಂದ ತಾಯಿ ಮಕ್ಳಲೇ,” ಎನ್ನುತ್ತಿದ್ದರು. “ಒಬ್ಬಾಕಿ ಆರೋಗ್ಯ ಆದ್ಲು, ಒಬ್ಬಾಕಿ ಗಾಯ ಮಾಯಿಸಾಕ ಹೋದ್ಲು, ಒಬ್ಬಾಕಿ ಗುಡಿ ಸೇರಿದ್ಲು. ಹೋಲ್ ಅಂಬಾಕಿ ಮಾತ್ರ ತವರಮನ್ಯಾಗ ಉಳಿದ್ಲು. ಇಡೀದು, ಒಡೀಲಾರದ್ದು.” ಹೋಲ್ ಅಂದರೆ ತೂತು ಎಂದು ಬರೆದು ನಾನು ಕಿವಿ ಹಿಂಡಿಸಿಕೊಂಡೆ. ಮೇಷ್ಟ್ರ ಹೋಲ್ ಮುಂದೊಂದು ಡಬ್ಲ್ಯೂ ಕೂತಿರುತ್ತದೆ ಎಂಬುದನ್ನು ಇವತ್ತಿಗೂ ಮರೆತಿಲ್ಲ.

ಅವರ ಮನೆಯೇ ಎರಡು ಹೋಳಾಗಿತ್ತು. ಕಾಲುವೆ ನೀರಿನ ಪಾಳಿಯ ಜಗಳದಲ್ಲಿ ಮೇಷ್ಟ್ರು ಒಡಹುಟ್ಟಿದ ತಮ್ಮ ಬಸಣ್ಣನಿಗೆ, “ನಿನ್ನ ಮನ್ಯಾಗ ನೀರು ಮುಟ್ಟಿದ್ರ ನೇಮಕಲ್ಲು ಆಂಜನೇಯನ ಆಣಿ,” ಎಂದುಬಿಟ್ಟಿದ್ದರು. ಇಂಥ ಆಣೆ ಬಿಡಬೇಕಾದರೆ ಇಬ್ಬರೂ ಕೂಡಿ ಹೋಗಿ ದೇವರ ಮುಂದೆ ನಿಲ್ಲಬೇಕು. ಅವನೇ ಕರೆಯಲಿ ಎಂದು ಇವರು, ಇವರೇ ಕರೆಯಲಿ ಎಂದು ಅವನು. ಬಿಗುಮಾನದಲ್ಲೇ ವರ್ಷಗಳು ಹೋದವು.

ಅಷ್ಟರಲ್ಲಿ ಬಸಣ್ಣ ಹಾಸಿಗೆ ಹಿಡಿದ. ಮೇಷ್ಟ್ರು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು, ಬಿರುಬೇಸಿಗೆಯಲ್ಲೂ ಒಣಗಿದ ಬಾಯಲ್ಲೇ. ಒಂದು ಸಲ ನಾನೂ ಜೊತೆಗಿದ್ದೆ.

“ಅಣ್ಣಾ, ಒಂದು ಗುಟುಕು ಕುಡಿ. ನನಗ ಸಮಾಧಾನ ಆಕ್ಕತಿ,” ಎಂದ ಬಸಣ್ಣ. ಅವನ ಹೆಂಡತಿ ಗಂಗಮ್ಮ ತಂಬಿಗೆ ಹಿಡಿದು ನಿಂತಿದ್ದಳು.

ಮೇಷ್ಟ್ರ ಕೈ ಮುಂದೆ ಹೋಗಿ ಹಿಂದೆ ಬಂತು. “ನೀ ಮೊದ್ಲು ಏಳೋ. ಇಬ್ರೂ ಹೋಗಿ ಬಿಡಿಸ್ಕೊಂಡು ಬರಾಣು. ಈಗ ಆಣಿ ಮುರದ್ರ ನಿನಗ ಏನರ ಆದೀತು.”

ಬಸಣ್ಣ ಏಳಲೇ ಇಲ್ಲ.

ಹೆಣ ಎತ್ತುವ ತನಕ ಆ ಮನೆಯಲ್ಲಿ ಯಾರೂ ನೀರು ಮುಟ್ಟುವಂತಿಲ್ಲ. ಮೇಷ್ಟ್ರು ತಮ್ಮನ ತಲೆಯ ಹತ್ತಿರ ಕೂತು, “ಗಂಗಮ್ಮಾ, ನೀರು ಕೊಡವ್ವ,” ಎಂದರು.

“ಹೆಣ ಇಟ್ಕೊಂಡು ನೀರು ಕುಡೀತಾರೇನ್ರಿ ಮೇಷ್ಟ್ರೇ?” ಎಂದು ಯಾರೋ ಗದರಿದರು. ಗಂಗಮ್ಮ ಎದ್ದು ಹೋಗಿ ತಂದುಕೊಟ್ಟಳು. ಗಟಗಟ ಕುಡಿದವರೇ ಗೋಳೋ ಎಂದು ಅತ್ತರು. “ನಾಲ್ಕು ಶಬ್ದ ಒಂದ ಮನೀವು ಅಂತ ಊರ ಮಕ್ಳಿಗೆಲ್ಲ ಹೇಳ್ದೆ. ನಾವು ಇಬ್ರ ಇದ್ವಿ. ಒಂದಾಗಾಕ ಆಗ್ಲಿಲ್ಲ.”

ಬಸ್ಸು ಬಂತು, ಕಣೇಕಲ್ಲಿನಲ್ಲಿ ಇಳಿದೆ. ಮೇಷ್ಟ್ರು ಈಗ ಹೆಚ್ಚಾಗಿ ಗಂಗಮ್ಮನ ಜಗಲಿಯಲ್ಲೇ ಇರುತ್ತಾರೆ. ಬೋರ್ಡಿನ ಸುದ್ದಿ ಹೇಳಿ ಅವರನ್ನು ಸ್ವಲ್ಪ ನಗಿಸೋಣವೆಂದು ಬಾಯಿ ತೆರೆದೆ.

“ಮಾತು ಆಮ್ಯಾಲ. ಮೊದ್ಲು ನೀರು ಕುಡಿ,” ಎಂದು ತಾವೇ ಒಳಗೆ ಹೋಗಿ ಲೋಟ ತಂದರು.

ನನಗೆ ಬಾಯಾರಿಕೆ ಇರಲಿಲ್ಲ. ಕುಡಿದು ಮುಗಿಸುವ ತನಕ ಅವರು ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದರು.