ಮಣಿಯದ ಮೊಣಕೈ

ದೇವದುರ್ಗದ ತಹಶೀಲ್ದಾರರ ಕಚೇರಿ ಮುಂದೆ ಧರಣಿ ಕೂತರೆ ಈಗ ಪೊಲೀಸರು ಹಳೆಯ ಹೋರಾಟಗಾರ ಶಂಭುಲಿಂಗಪ್ಪನ ಕೈಗೆ ಚಹಾ ಕೊಟ್ಟು, "ಬಿಸಲಾಗ ಯಾಕ್ರಿ ಯಜಮಾನ್ರ, ನೆಳ್ಳಿಗೆ ಬರ್ರಿ" ಅನ್ನುತ್ತಾರೆ. ಹಿಂದೆ ತಿಂದ ಲಾಠಿಗಿಂತ ಆ ಚಹಾ ಹೆಚ್ಚು ಉರಿಯಿತು. ಮೈಯಲ್ಲಿ ಇನ್ನೂ ದಮ್ಮಿದೆಯೋ, ಬರೀ ಹೊಟ್ಟೆಯಿದೆಯೋ ನೋಡಿಯೇ ಬಿಡೋಣವೆಂದು ಭಾನುವಾರ ಬಸ್ಸು ಹತ್ತಿ, ರಾಯಚೂರಿನಲ್ಲಿ ಮೀರಾಹುಸೇನ ಉಸ್ತಾದನ ಜೂಡೋ ಕ್ಲಾಸು ಸೇರಿದ.

ಅಲ್ಲಿ ಕೈಕಾಲು ತಿರುವಿ ಹಿಡಿದು ನೋವಿಗೆ ಮೈ ಪಳಗಿಸುತ್ತಾರೆ. ಹಿಡಿತ ನಿಧಾನಕ್ಕೆ ಬಿಗಿಯಾಗುತ್ತದೆ. ಉಸಿರು ಬಿಡುತ್ತ ತಾಳಬೇಕು. ನೋವು ಕೀಲಿಗೆ ಬಂತು ಅನ್ನಿಸಿದೊಡನೆ ಸಾಕೆಂದು ನೆಲದ ಗಾದಿ ತಟ್ಟಬೇಕು, ಹಿಡಿದವನು ಬಿಡಬೇಕು. ತಾಳುವುದು ಶಂಭುಲಿಂಗಪ್ಪನಿಗೆ ಹಿಡಿಸಿತು. ತಟ್ಟುವುದು ಹಿಡಿಸಲಿಲ್ಲ. ಜೈಲಿನಲ್ಲೇ ಮಾಫಿ ಕೇಳದ ಗಂಡು ಗಾದಿ ತಟ್ಟಿ ಶರಣಾಗುವುದೇ?

ಜೋಡಿಗೆ ಸಿಕ್ಕವನು ಗುರುಪ್ರಸನ್ನ. ಸಂಸ್ಕೃತದ ಮಾಸ್ತರ, ಹಣೆಯಲ್ಲಿ ಅಂಗಾರದ ಕಪ್ಪು ಗೆರೆ, ನುಗ್ಗೆಕಾಯಿಯಂಥ ತೋಳು. ಇವನೇನು ಮಣಿಸಿಯಾನು ಅಂದುಕೊಳ್ಳುವಷ್ಟರಲ್ಲಿ ಮಾಸ್ತರ ಶಂಭುಲಿಂಗಪ್ಪನ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಹಿಂದಕ್ಕೊರಗಿದ. ಶಂಭುಲಿಂಗಪ್ಪ ಹಳೆಯ ವಿದ್ಯೆ ಹೊರತೆಗೆದ. ಪೊಲೀಸರು ವ್ಯಾನಿಗೆ ಎತ್ತಿ ಹಾಕುವಾಗ ಮೈಯನ್ನು ಭತ್ತದ ಚೀಲದಂತೆ ಸಡಿಲ ಬಿಡಬೇಕು, ಎತ್ತುವವರು ಬೆವರಬೇಕು. ಎಷ್ಟು ಜನಕ್ಕೆ ಇದನ್ನು ಕಲಿಸಿರಲಿಲ್ಲ! ಹಾಗೆಯೇ ಸಡಿಲ ಬಿಟ್ಟ. ಸಡಿಲ ಮೈ ಎತ್ತುವವನಿಗೆ ಭಾರ, ತಿರುವುವವನಿಗೆ ಹೋಳಿಗೆ ತುಪ್ಪ. ಮೊಣಕೈ ಲಟಕ್ ಅಂದಿತು. ಕೈ ತಟ್ಟುವ ಬದಲು ಬಾಯಿ ತೆರೆಯಿತು: "ಧಿಕ್ಕಾರ!"

"ಯಾರಿಗ್ರೀ?" ಮಾಸ್ತರ ಗಾಬರಿಬಿದ್ದು ಕೈಬಿಟ್ಟ.

ಉಸ್ತಾದ ಮೊಣಕೈ ಒತ್ತಿ ನೋಡಿದ. "ನಸೀಬ್ ಚಲೋ ಅದ, ಮುರದಿಲ್ಲ. ಇನ್ನೊಮ್ಮೆ ತಟ್ಟಲಿಲ್ಲಂದ್ರ ಇತ್ತಾಗ ಬರಬ್ಯಾಡ್ರಿ. ನಾ ಇಲ್ಲಿ ಮಂದೀನ್ನ ಪಳಗಸಾಕ ಕುಂತೀನಿ, ಮುರಿಯಾಕಲ್ಲ."

ಮನೆಯಲ್ಲಿ ಅರಿಶಿಣ ಹಚ್ಚುತ್ತ ಹೆಂಡತಿ ಸುನಂದಾ ಕೇಳಿದಳು, "ಒಂದ್ಸಲ ತಟ್ಟಿದ್ರ ನಿಮ್ಮಪ್ಪನ ಗಂಟು ಏನ್ ಹೋಗ್ತಿತ್ತು?"

"ನಾ ಯಾರಿಗೂ ಮಣದಾಂವ ಅಲ್ಲ."

"ಹೌದೌದು, ಭಾರಿ ಹುಲಿ. ಅಂಗಿ ಗುಂಡಿ ಹಾಕ್ಕೋರಿ ನೋಡೂಣು."

ಹುಲಿಯ ಕೈಗೆ ಗುಂಡಿ ಸಿಗಲಿಲ್ಲ. ಆಕೆಯೇ ಹಾಕಿದಳು. ಊತ ಇಳಿಯುವವರೆಗೂ ಶಂಭುಲಿಂಗಪ್ಪನನ್ನು ಕಾಡಿದ್ದು ಮೊಣಕೈಯಲ್ಲ. ಯಜಮಾನ್ರ ಅಂತ ಮರ್ಯಾದೆ ಕೊಡದೆ ಕೊರಳಪಟ್ಟಿ ಹಿಡಿದು ಕೆಡಹುವ ಜಾಗ ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಅದನ್ನೂ ಹಟಕ್ಕೆ ಕಳೆದುಕೊಂಡರೆ ಗತಿ ಚಹಾವೇ.

ಮತ್ತೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ತೊಡೆ ತಟ್ಟಿ ರೂಢಿ ಮಾಡಿಕೊಂಡ. ಪಕ್ಕದ ಮುದುಕ ಭಜನೆ ಅಂದುಕೊಂಡು ತಾನೂ ತಾಳ ಹಾಕತೊಡಗಿದ.

ಕ್ಲಾಸಿನಲ್ಲಿ ಗುರುಪ್ರಸನ್ನ ಎದುರು ಕೂತು ಕೈ ಚಾಚಿದ್ದೇ ತಡ, ಶಂಭುಲಿಂಗಪ್ಪ ಗಾದಿಯನ್ನು ಪಟಪಟ ಬಡಿದ.

"ಇನ್ನಾ ಮುಟ್ಟೇ ಇಲ್ಲಲ್ರೀ ನಾ!" ಅಂದ ಮಾಸ್ತರ.

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಉಸ್ತಾದ ಮಾತ್ರ ನಗಲಿಲ್ಲ.

"ತಟ್ಟೂದು ಬಂತು," ಅಂದ. "ಮಲಕ್ಕೋರಿ. ಇನ್ನ ತಾಳೂದು ಕಲಸ್ತೀನಿ."