ಗಾಡಿ ತೊಳೆಯುವವಳನ್ನು ಕೇಳಿದ ಮಹಾದೇವಿ

ಮಹಾದೇವಿ ಕುರ್ಚಿಯಲ್ಲಿ ಕೂತದ್ದು ನಾನು ಕಂಡದ್ದು ಕಡಿಮೆ. ಎಡಗೈಯಲ್ಲಿ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡು, ಒಂದೇ ಬೆರಳಿಂದ ಬಡಿಯುತ್ತ, ಕಾರುಗಳ ನಡುವೆ ತಿರುಗುತ್ತಿದ್ದಳು. ಧೂಳು ಹಿಡಿದು ನಿಂತ ಗಾಡಿಯನ್ನು ಮಾತಾಡಿಸುತ್ತಿದ್ದಳು: “ಎಷ್ಟ ದಿನಾ ಆತು ನೀ ಬಂದು? ಮಾವನ ಮನಿ ಮಾಡ್ಕೊಂಡಿ ಏನ?”

ಗಜೇಂದ್ರಗಡದ ಹಳೆ ಕಾರಿನ ಅಂಗಡಿಯಲ್ಲಿ ನಾನು ಗಾಡಿ ತೊಳೆಯುವವಳು. ಅವಳು ನರೇಗಲ್ಲಿನಿಂದ ಬಸ್ಸಿಗೆ ಬರುತ್ತಿದ್ದಳು. ಮಾಲಕನಿಗೆ ರೋಣದಲ್ಲಿ, ನರಗುಂದದಲ್ಲಿ ಇನ್ನೆರಡು ಅಂಗಡಿ. ಮೂರೂ ಕಡೆಯ ಗಾಡಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಯಾವ ಗಾಡಿ ಎಲ್ಲಿದೆ, ಎಷ್ಟು ಓಡಿದೆ, ಬಂದು ಎಷ್ಟು ದಿನ ಆಯಿತು, ಎಲ್ಲ ಅದರೊಳಗೆ. ಭಾಳ ದಿನ ಕೂತ ಗಾಡಿಯ ಸಾಲು ಕೆಂಪಾಗುತ್ತಿತ್ತು. ಮೊದಲು ಮಾಲಕ ರೋಣಕ್ಕೊಂದು, ನರಗುಂದಕ್ಕೊಂದು ಫೋನ್ ಹಚ್ಚಿ ಕೇಳುವಷ್ಟರಲ್ಲಿ ಗಿರಾಕಿ ಚಹಾ ಕುಡಿದು ಎದ್ದು ಹೋಗುತ್ತಿದ್ದ. ಆದರೂ ನನಗೆ ಇದೆಲ್ಲ ಹುಡುಗಾಟ ಅನಿಸುತ್ತಿತ್ತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅವಳ ಮುಖದ ಮೇಲೇ ಅಂದೆ.

“ಆಟನ ಆಯಿ. ಸುಳ್ಳ ಬರದವ್ರು ಸೋಲ್ತಾರ,” ಅಂದು ನಕ್ಕಳು.

ಕೆಂಪು ಸಾಲಿನಲ್ಲಿ ಒಂದು ಬಿಳಿ ಕಾರಿತ್ತು. ಯಾವಗಲ್ ಊರಿನ ಗಂಡ ಹೆಂಡತಿ ಅದನ್ನು ಕೊಳ್ಳಲು ಬಂದರು. ಕೂಲಿ ಬಿಟ್ಟು ಬಾಡಿಗೆ ಓಡಿಸಿ ಬದುಕಬೇಕೆಂದವರು. ಮಾಲಕ ಕಾಗದ ತೆಗೆದ. ಗಾಡಿ ಚಲೋ ಇದ್ದರೆ ಇಷ್ಟು ದಿನ ಯಾಕೆ ಕೂತಿತು ಎಂಬುದು ಮಹಾದೇವಿಯ ತಲೆಯಲ್ಲಿ. ನನ್ನ ಹತ್ತಿರ ಬಂದು, ತೊಳೆಯುವಾಗ ಏನಾದರೂ ಕಂಡಿತ್ತೇನು ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ.

ಕಂಡಿತ್ತು. ಹಿಂದೆ ಡಿಕ್ಕಿಯಲ್ಲಿ ಸ್ಟೆಪ್ನಿ ಗಾಲಿಯ ಕೆಳಗೆ ನುಣ್ಣನೆ ಕೆಸರು ಒಣಗಿ ಕೂತಿತ್ತು. ಕೊಣ್ಣೂರಿನಲ್ಲಿ ಹೊಳೆ ಏರಿದಾಗ ಮನೆಯೊಳಗೆ ಬಿಟ್ಟು ಹೋಗುವ ಮಣ್ಣು. ನಾನು ಹುಟ್ಟಿದ ಊರು ಅದು, ಗುರುತು ಸಿಗದೇನು? ತೊಳೆದು ಸುಮ್ಮನಿದ್ದೆ. ತಪ್ಪು ನನ್ನದೇ. ಈಗ ಅವಳಿಗೆ ಎಲ್ಲ ಹೇಳಿದೆ.

ಅವಳು ಅದನ್ನು ಕಂಪ್ಯೂಟರಿಗೆ ಏರಿಸಹೊರಟದ್ದು ಕಂಡು ಮಾಲಕ ಅವಳನ್ನು ಹೊರಗೆ ಕರೆದು, ಇದನ್ನು ಬರೆದರೆ ನಾಳೆಯಿಂದ ಬರಬೇಡ ಅಂದ. ಅವಳ ಪಗಾರದ ಮೇಲೆ ಮನೆಯಲ್ಲಿ ನಾಲ್ಕು ಹೊಟ್ಟೆ ತುಂಬಬೇಕಿತ್ತು. ಆದರೂ ಒಳಗೆ ಹೋಗಿ ಆ ಗಂಡ ಹೆಂಡತಿಗೇ ಹೇಳಿಬಿಟ್ಟಳು: “ಈ ಗಾಡಿಗೆ ಹೊಳಿ ನೀರ ಹೊಕ್ಕೈತ್ರಿ. ಇವತ್ತ ಓಡತೈತಿ. ನಾಳೆ ನಡು ದಾರ್ಯಾಗ ನಿಂದರತೈತಿ.”

ಹೆಂಡತಿ ಚೀಲ ಎದೆಗೆ ಅವಚಿಕೊಂಡು ಎದ್ದಳು. ಮಹಾದೇವಿ ಅವರನ್ನು ಕೂರಿಸಿ ಕಂಪ್ಯೂಟರ್ ತಿರುಗಿಸಿದಳು. ನರಗುಂದದಲ್ಲಿ ಅಂಥದೇ ಗಾಡಿ, ಇದಕ್ಕಿಂತ ಎರಡು ವರ್ಷ ಹಳೆಯದು. ಅಲ್ಲಿ ತೊಳೆಯುವವನಿಗೆ ಫೋನ್ ಹಚ್ಚಿ ಸ್ಟೆಪ್ನಿ ಎತ್ತಿಸಿ ಕೇಳಿದಳು. ಒಣ ಇತ್ತು. ಸಂಜೆಯೊಳಗೆ ಅವರು ಅದನ್ನೇ ಒಯ್ದರು.

ಮರುದಿನ ಅವಳು ಎಂದಿನ ಬಸ್ಸಿಗೇ ಬಂದಳು. ಹೇಗೂ ಒಂದು ಗಾಡಿ ಮಾರಾಟ ಆಗಿತ್ತು; ಮಾಲಕ ಹೋಗು ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಅವಳು ಕೂತು ಕಂಪ್ಯೂಟರಿನಲ್ಲಿ ಹೊಸದೊಂದು ಚೌಕ ಹಾಕಿದಳು: ನೀರು ಹೊಕ್ಕಿದೆಯೇ, ಹೌದು, ಇಲ್ಲ. ತೊಳೆಯುವವರು ಒತ್ತದೆ ಗಾಡಿ ಮಾರಾಟಕ್ಕೆ ಏರುವುದಿಲ್ಲ. ಬಿಳಿ ಕಾರನ್ನು ಬಿಚ್ಚಿ ಬಿಡಿಭಾಗ ಮಾರಿದರು.

ಹೋದ ವರ್ಷ ಗದಗಿನ ದೊಡ್ಡ ಅಂಗಡಿಯವರು ಅವಳನ್ನು ಕರೆದರು. ಅಲ್ಲಿಯವರೆಗೆ ನಾನು ನೋಡಿ ಹೇಳಿದ್ದನ್ನು ಅವಳೇ ಒತ್ತುತ್ತಿದ್ದಳು. ಕೊನೆಯ ದಿನ ನನ್ನ ಬೆರಳು ಹಿಡಿದು ಫೋನಿನಲ್ಲಿ ಹೌದು, ಇಲ್ಲ ಒತ್ತಿಸಿ ಕಲಿಸಿದಳು. ನಾನು ಅಳಲಿಲ್ಲ. ಚಲೋ ಪಗಾರ ಕೊಡುತ್ತಾರೆ, ಹೋಗು ಅಂದೆ.

ಮರುದಿನ ಹೊಸ ಗಾಡಿ ಬಂತು. ಗಿರಾಕಿ ಹೊರಗೆ ಕಾಯುತ್ತಿದ್ದ. ಲಗೂ ಒತ್ತು ಎಂದು ಮಾಲಕ ಅವಸರ ಮಾಡಿದ.

“ನಾ ಇನ್ನೂ ನೋಡಿಲ್ರಿ. ತಡೀರಿ,” ಅಂದೆ.

ಮಾಲಕ ತಡೆದು ನಿಂತ.